ಎಚ್ಚರಿಕೆಯಿಲ್ಲದ ಕುಸಿತ: ಸಿಲ್ವರ್ ಬ್ರಿಜ್ ದುರಂತ ಮತ್ತು ಪಾಯಿಂಟ್ ಪ್ಲೆಸೆಂಟಿನ ಐತಿಹ್ಯಗಳು

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ, ಒಹಾಯೊ ಮತ್ತು ಕನಾವಾ ನದಿಗಳು ಕೂಡುವಲ್ಲಿ ಪಾಯಿಂಟ್ ಪ್ಲೆಸೆಂಟ್ ಎಂಬ ಪುಟ್ಟ ಊರಿದೆ. ಅದರ ಮುಖ್ಯ ಬೀದಿಯಲ್ಲಿ ರೆಕ್ಕೆಗಳುಳ್ಳ, ಕೆಂಗಣ್ಣಿನ ಉಕ್ಕಿನ ಪ್ರತಿಮೆಯೊಂದು ನಿಂತಿದೆ. 2003ರಲ್ಲಿ ಸ್ಥಾಪನೆಯಾದ ಇದು ‘ಮಾತ್‌ಮ್ಯಾನ್’, ಅಂದರೆ ಪತಂಗ-ಮನುಷ್ಯ. ಅಲ್ಲಿಂದ ತುಸು ದೂರದಲ್ಲಿ, ಹಿಂದೆ ಸೇತುವೆಗೆ ದಾರಿ ಇದ್ದ ಕಡೆ, 46 ಜನರ ಹೆಸರು ಹೊತ್ತ ಸ್ಮಾರಕವಿದೆ. ಊರಿಗೆ ಬಂದವರು ಎರಡನ್ನೂ ಒಂದೇ ಕಥೆಯ ಭಾಗಗಳೆಂದು ನೋಡುತ್ತಾರೆ. ಅವು ಒಂದೇ ಕಥೆಯಾದದ್ದು ಹೇಗೆಂಬುದೇ ಇಲ್ಲಿನ ಪ್ರಶ್ನೆ.

ಸಿಲ್ವರ್ ಬ್ರಿಜ್ 1928ರಲ್ಲಿ ಸಂಚಾರಕ್ಕೆ ತೆರೆಯಿತು. ಅಲ್ಯೂಮಿನಿಯಂ ಬಣ್ಣದ ಹೊಳಪಿನಿಂದ ಅದಕ್ಕೆ ಆ ಹೆಸರು. ತೂಗು ಸೇತುವೆಗಳಿಗೆ ಸಾಮಾನ್ಯವಾಗಿ ಸಾವಿರಾರು ತಂತಿಗಳನ್ನು ಹೊಸೆದ ಹಗ್ಗ ಬಳಸುತ್ತಾರೆ. ಕೆಲವು ತಂತಿ ಹರಿದರೂ ಉಳಿದವು ಭಾರ ಹೊರುತ್ತವೆ. ಇಲ್ಲಿ ಹಗ್ಗದ ಬದಲು ಸರಪಳಿ. ಎರಡೂ ತುದಿಯಲ್ಲಿ ರಂಧ್ರವಿದ್ದ ‘ಐಬಾರ್’ ಎಂಬ ಉಕ್ಕಿನ ಪಟ್ಟಿಗಳನ್ನು ಪಿನ್ನುಗಳಿಂದ ಪೋಣಿಸಿದ್ದರು. ಒಂದು ಕೊಂಡಿಗೆ ಎರಡೇ ಪಟ್ಟಿ. ಒಂದು ಮುರಿದರೆ ಜೊತೆಯದು ತಾಳದು. ಗೋಪುರಗಳಿಗೂ ತಮ್ಮಷ್ಟಕ್ಕೆ ನಿಲ್ಲುವ ಶಕ್ತಿ ಇರಲಿಲ್ಲ.

1967ರ ಡಿಸೆಂಬರ್ 15ರ ಸಂಜೆ, ಕ್ರಿಸ್‌ಮಸ್ ಖರೀದಿಯ ದಟ್ಟಣೆಯ ಹೊತ್ತು, ಸುಮಾರು 5 ಗಂಟೆಗೆ ಸೇತುವೆ ನದಿಗೆ ಕುಸಿಯಿತು. ಅದರ ಮೇಲಿದ್ದ 37 ವಾಹನಗಳಲ್ಲಿ 31 ಕೆಳಗೆ ಬಿದ್ದವು. ಅವಶೇಷಗಳನ್ನು ಮೇಲೆತ್ತಿ ಜೋಡಿಸಿ ನೋಡಿದ ತನಿಖೆ, 330ನೆಯ ಸಂಖ್ಯೆಯ ಐಬಾರಿನ ಕಣ್ಣಿನಲ್ಲಿದ್ದ ಬಿರುಕಿನವರೆಗೆ ಬಂದು ನಿಂತಿತು. ಅದರ ಆಳ ಸುಮಾರು 2.5 ಮಿಲಿಮೀಟರ್. ದಶಕಗಳ ಕಾಲ ತುಕ್ಕು ಮತ್ತು ಒತ್ತಡ ಸೇರಿ ಬೆಳೆಸಿದ ಬಿರುಕು ಅದು. ವಿನ್ಯಾಸದ ಕಾಲಕ್ಕಿಂತ ವಾಹನಗಳ ತೂಕವೂ ಬಹಳ ಹೆಚ್ಚಿತ್ತು. ಅದಕ್ಕಿಂತ ಗಂಭೀರವಾದ ಮಾತೆಂದರೆ, ಬಿರುಕಿದ್ದದ್ದು ಕೀಲಿನ ಒಳಗೆ. ಕೀಲು ಬಿಚ್ಚದೆ ಅಂದಿನ ವಿಧಾನಗಳಿಂದ ಅದನ್ನು ಕಾಣುವಂತೆಯೇ ಇರಲಿಲ್ಲ. ಸತ್ತವರಿಗೆ ಯಾವ ಎಚ್ಚರಿಕೆಯೂ ಸಿಗಲಿಲ್ಲ.

ಐತಿಹ್ಯ ತುಂಬಿದ್ದು ಈ ತೆರವನ್ನೇ ಎಂಬುದು ನನ್ನ ನಿಲುವು.

ದುರಂತಕ್ಕೆ 13 ತಿಂಗಳ ಮೊದಲು, 1966ರ ನವೆಂಬರ್ 15ರ ರಾತ್ರಿ, ಎರಡನೆಯ ಮಹಾಯುದ್ಧ ಕಾಲದ ಮದ್ದುಗುಂಡು ಕಾರ್ಖಾನೆಯ ಪಾಳುಜಾಗದ ಬಳಿ ಎರಡು ಯುವ ಜೋಡಿಗಳು ಕೆಂಗಣ್ಣಿನ, ರೆಕ್ಕೆಯ ಆಕೃತಿಯನ್ನು ಕಂಡೆವೆಂದರು. ಮರುದಿನದ ಸ್ಥಳೀಯ ಪತ್ರಿಕೆಯಲ್ಲಿ ಅದು ಆಳೆತ್ತರದ ಹಕ್ಕಿ. ಸ್ಯಾಂಡ್‌ಹಿಲ್ ಕ್ರೇನ್ ಎಂಬ ದೊಡ್ಡ ಪಕ್ಷಿ ಇರಬಹುದೆಂದು ಪ್ರಾಧ್ಯಾಪಕರೊಬ್ಬರು ಊಹಿಸಿದರು. ಆ ಮೊದಲ ವರದಿಯಲ್ಲಿ ಸೇತುವೆಯ ಸುಳಿವಿಲ್ಲ. ಹಕ್ಕಿ ಮುನ್ಸೂಚನೆಯಾದದ್ದು ಸಾವುಗಳ ನಂತರ. ಜಾನ್ ಕೀಲ್ ಅವರ ‘ದಿ ಮಾತ್‌ಮ್ಯಾನ್ ಪ್ರಾಫಸೀಸ್’ 1975ರಲ್ಲಿ ಈ ನಂಟನ್ನು ದೂರದೂರಕ್ಕೆ ಒಯ್ದಿತು. 2002ರ ಚಲನಚಿತ್ರ ಇನ್ನಷ್ಟು ಹಬ್ಬಿಸಿತು.

ಇನ್ನೊಂದು ಐತಿಹ್ಯ ಶಾಪದ್ದು. ಶಾವ್ನಿ ಬುಡಕಟ್ಟಿನ ನಾಯಕ ಕಾರ್ನ್‌ಸ್ಟಾಕ್ 1777ರ ನವೆಂಬರಿನಲ್ಲಿ ಇಲ್ಲಿನ ರ‍್ಯಾಂಡಾಲ್ಫ್ ಕೋಟೆಯಲ್ಲಿ ಮಗನೊಂದಿಗೆ ಕೊಲೆಯಾದ. ಆತ ಕೋಟೆಗೆ ಬಂದದ್ದು ಶಾಂತಿಯ ಮಾತಿಗೆ. ಅಲ್ಲಿ ಅವನನ್ನು ಒತ್ತೆಯಾಳಾಗಿ ಹಿಡಿದಿಟ್ಟಿದ್ದರು. ಸಾಯುವಾಗ ಈ ನೆಲವನ್ನು ಶಪಿಸಿದ ಎನ್ನುತ್ತಾರೆ. ಆದರೆ ಅಲ್ಲಿದ್ದ ಅಧಿಕಾರಿ ಜಾನ್ ಸ್ಟುವರ್ಟ್ ಬರೆದಿಟ್ಟ ವೃತ್ತಾಂತದಲ್ಲಿ ಶಾಪವಿಲ್ಲ. ಕೊಲೆ ದಾಖಲಾದ ಚರಿತ್ರೆ, ಶಾಪ ಮುಂದಿನವರ ಕಲ್ಪನೆ. ಆದರೂ ಇದನ್ನು ಹಗುರವಾಗಿ ತಳ್ಳಲಾರೆ: ಮಾಡಿದ ಅನ್ಯಾಯವನ್ನು ಊರು ಒಪ್ಪಿಕೊಂಡ ಒಂದು ಬಗೆ ಅದು.

2002ರಿಂದ ನಡೆಯುತ್ತಿರುವ ಮಾತ್‌ಮ್ಯಾನ್ ಉತ್ಸವ ಊರಿಗೆ ಜನರನ್ನು ತಂದಿದೆ. ಅದು ತಪ್ಪಲ್ಲ. ಆದರೆ ಈ ದುರಂತ ನಿಜವಾಗಿ ಬಿಟ್ಟುಹೋದದ್ದು ಬೇರೆ. ಇದರ ಬೆನ್ನಿಗೇ ಅಮೆರಿಕದಲ್ಲಿ ಸೇತುವೆಗಳ ರಾಷ್ಟ್ರೀಯ ತಪಾಸಣಾ ನಿಯಮಗಳು ರೂಪುಗೊಂಡವು, ನಿಯತಕಾಲಿಕ ಪರೀಕ್ಷೆ ಕಡ್ಡಾಯವಾಯಿತು. ಅದೇ ವಿನ್ಯಾಸದ ಸೇಂಟ್ ಮೇರೀಸ್ ಸೇತುವೆಯನ್ನು ಮುಚ್ಚಿ, 1971ರಲ್ಲಿ ಕೆಡವಿದರು. ಅದರ ಮೇಲೆ ದಿನವೂ ಓಡಾಡುತ್ತಿದ್ದವರನ್ನು ಕಾಪಾಡಿದ್ದು 330ನೆಯ ಐಬಾರಿನ ಪರೀಕ್ಷೆ.

ಹೊಸ ಸೇತುವೆ 1969ರ ಡಿಸೆಂಬರ್ 15ರಂದು, ಸರಿಯಾಗಿ ಎರಡು ವರ್ಷಕ್ಕೆ, ತೆರೆಯಿತು. ಸ್ಮಾರಕದಲ್ಲಿ ಹೆಸರಿರುವ 46 ಜನರಲ್ಲಿ ಇಬ್ಬರ ಶವ ನದಿಯಿಂದ ಸಿಗಲೇ ಇಲ್ಲ.