ಮಣ್ಣಿನ ಯೋಧರು ಮೋಸ ಮಾಡಿದ ಗಿಸೆಲಾ ರಿಕ್ಟರ್
ಗಿಸೆಲಾ ರಿಕ್ಟರ್ (1882–1972) ಪ್ರಾಚೀನ ಗ್ರೀಕ್-ರೋಮನ್ ಕಲೆಯ ದೊಡ್ಡ ತಜ್ಞೆ. 1925ರಿಂದ 1948ರವರೆಗೆ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಆ ವಿಭಾಗದ ಕ್ಯುರೇಟರ್. ಹಳೇ ಮಡಕೆಗಳನ್ನು ಅರಿಯೋಕೆ ಸ್ವತಃ ಕುಂಬಾರಿಕೆ ಕಲಿತವರು. ಅಂಥವರೂ ಮಣ್ಣಿನಲ್ಲೇ ಮೋಸ ಹೋದ್ರು!

1915ರಿಂದ 1921ರ ನಡುವೆ ಮ್ಯೂಸಿಯಂ ಮೂರು ಎಟ್ರಸ್ಕನ್ ಯೋಧರ ಮೂರ್ತಿಗಳನ್ನು ಕೊಂಡಿತ್ತು. ಅವು ಅಸಲಿ ಎಂದು ನಂಬಿ 1937ರಲ್ಲಿ ರಿಕ್ಟರ್ ಪುಸ್ತಕವನ್ನೇ ಬರೆದರು. 1960ರಲ್ಲಿ ಪರೀಕ್ಷೆ ಮಾಡಿದಾಗ ಕಪ್ಪು ಬಣ್ಣದಲ್ಲಿ ಮ್ಯಾಂಗನೀಸ್ ಸಿಕ್ಕಿತು. ಎಟ್ರಸ್ಕನ್ನರು ಅದನ್ನು ಹಾಗೆ ಬಳಸುತ್ತಿರಲಿಲ್ಲ. ಮರುವರ್ಷ ರೋಮ್‌ನ ಆಲ್ಫ್ರೆಡೊ ಫಿಯೊರವಾಂತಿ ತಪ್ಪೊಪ್ಪಿಕೊಂಡ. ಒಬ್ಬ ಯೋಧನಿಗಿಲ್ಲದ ಹೆಬ್ಬೆರಳು ಅವನ ಹತ್ತಿರವೇ ಇತ್ತು, ಇಟ್ಟು ನೋಡಿದ್ರೆ ಸರಿಯಾಗಿ ಕೂತಿತು.

ರಿಕ್ಟರ್‌ಗೆ ಆಗ ಎಂಬತ್ತರ ಹತ್ತಿರ ವಯಸ್ಸು. ಸುಮ್ಮನಾಗಲಿಲ್ಲ. ಗ್ರೀಕರ ಮುಖಶಿಲ್ಪಗಳ ಮೇಲಿನ ಅವರ ಮೂರು ಸಂಪುಟಗಳು 1965ರಲ್ಲಿ ಬಂದವು.