ಕಾಲ್ಚೆಂಡಿನೊಡನೆ ಕಲಕತ್ತೆಗೆ

ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ದುಡಿಮೆಗಾಗಿ ಮುಂಬಯಿಗೋ ಘಟ್ಟದ ಮೇಲಕ್ಕೋ ಹೋದವರು ಅನೇಕರು. ಹೋದವನ ಹಿರಿಮೆ ಹೆತ್ತ ಊರಿಗೆ ಸೇರಿದ್ದೋ, ಅನ್ನವಿತ್ತ ಊರಿಗೋ ಎಂಬ ಪ್ರಶ್ನೆ ಆಟದ ಬಯಲಲ್ಲೂ ಏಳುತ್ತದೆ. ಬೆಂಗಳೂರಿನ ಅಹಮದ್ ಖಾನರ ಬಾಳು ಇದಕ್ಕೊಂದು ನಿದರ್ಶನ.

ಅವರು ಹುಟ್ಟಿದ್ದು 1926ರಲ್ಲಿ. ಆಂಗ್ಲ ಪಡೆಗಳು ಬೀಡುಬಿಟ್ಟಿದ್ದ ಬೆಂಗಳೂರಿನ ದಂಡುಪ್ರದೇಶದಲ್ಲಿ ಕಾಲ್ಚೆಂಡು ಅಂದು ಹುಲುಸಾಗಿ ಬೆಳೆದಿತ್ತು. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತ್ತು. ಈ ನೆಲದಲ್ಲಿ ಪಳಗಿದ ಖಾನ್ 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತ ತಂಡದಲ್ಲಿದ್ದರು. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿ, ಫ್ರಾನ್ಸಿಗೆ 1-2ರಿಂದ ಸೋತರು. ಸೋತರೂ ಮೆಚ್ಚುಗೆ ಗಳಿಸಿದರು.

ಮರುವರ್ಷವೇ ಖಾನ್ ಕಲಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಕಾರಣ ಸ್ಪಷ್ಟ. ಅಲ್ಲಿನ ಐ.ಎಫ್.ಎ. ಷೀಲ್ಡ್ 1893ರಷ್ಟು, ಲೀಗ್ ಪಂದ್ಯಾವಳಿ 1898ರಷ್ಟು ಹಳೆಯವು. ಕಾಲ್ಚೆಂಡಿಗಾಗಿ ಇಡೀ ಊರೇ ಮೈದಾನಕ್ಕೆ ನೆರೆಯುತ್ತಿತ್ತು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಖಾನ್, ಸಾಲೆ ಎಂಬ ಐವರು ದಾಕ್ಷಿಣಾತ್ಯ ಮುನ್ನಡೆಗಾರರನ್ನು ಬಂಗಾಳಿಗಳು ಪಂಚಪಾಂಡವರೆಂದು ಕರೆದರು. ಈಸ್ಟ್ ಬೆಂಗಾಲ್ 1949ರಿಂದ 1951ರವರೆಗೆ ಸತತ ಮೂರು ವರ್ಷ ಷೀಲ್ಡ್ ಗೆದ್ದಿತು. 1951ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಖಾನ್ ಇದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ ಭಾರತವನ್ನು 10-1ರಿಂದ ಸದೆಬಡಿದಾಗ ಆ ಒಂದು ಗೋಲು ಅವರದೇ.

ಅದೇ 1926ರಲ್ಲಿ ಬ್ಯೂನಸ್ ಐರಿಸ್ಸಿನಲ್ಲಿ ಹುಟ್ಟಿದ ಆಲ್ಫ್ರೆಡೊ ದಿ ಸ್ಟೆಫಾನೊ ಕೊಲಂಬಿಯಾದಲ್ಲಿ ಆಡಿ, 1953ರಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಸೇರಿ, ಆ ತಂಡ 1956ರಿಂದ ಸತತ ಐದು ಬಾರಿ ಯೂರೋಪ್ ಕಪ್ ಗೆಲ್ಲಲು ಕಾರಣನಾದ. ಮುಂದೆ ಸ್ಪೇನಿನ ರಾಷ್ಟ್ರೀಯ ತಂಡಕ್ಕೂ ಆಡಿದ. 2014ರಲ್ಲಿ ಮ್ಯಾಡ್ರಿಡ್ಡಿನಲ್ಲೇ ತೀರಿಕೊಂಡ. ಆತನಿಗೆ ನಾಡೇ ಬದಲಾಯಿತು; ಖಾನರಿಗೆ ಬದಲಾದದ್ದು ಊರು ಮಾತ್ರ. ಅವರು 2017ರಲ್ಲಿ ಬೆಂಗಳೂರಿನಲ್ಲೇ ಕಣ್ಮುಚ್ಚಿದರು.

ಪ್ರತಿಭೆ ಊರು ಬಿಡುವುದು ದ್ರೋಹವಲ್ಲ. ಅದು ತನಗೆ ತಕ್ಕ ಬಯಲನ್ನು ಅರಸುತ್ತದೆ. ಆದರೆ ತನ್ನಲ್ಲಿ ಬೆಳೆದವನ ಹೆಸರನ್ನು ದೂರದ ಊರು ಕೊಂಡಾಡುವಾಗ ಹುಟ್ಟೂರು ಮರೆತು ಕೂತರೆ, ಆ ನಷ್ಟ ಹೋದವನದಲ್ಲ, ಉಳಿದವರದು.