ಅಪಾಯದ ಸುದ್ದಿ: ಅಂಕಿ-ಅಂಶ ಕೊಟ್ಟರೆ ಸಾಕೇ?

ಮಳೆ, ವಿಷಗಾಳಿ, ಕಲುಷಿತ ನೀರು, ವಿಕಿರಣ ಇಂಥವುಗಳ ಅಪಾಯವನ್ನು ಜನರಿಗೆ ಹೇಗೆ ತಿಳಿಸಬೇಕು ಎಂಬ ಅಧ್ಯಯನಕ್ಕೆ ಪರಿಸರ ಅಪಾಯ ಸಂವಹನ ಎಂದು ಹೆಸರು. 'ಜನರಿಗೆ ಸರಿಯಾದ ಅಂಕಿ-ಅಂಶ ಕೊಟ್ಟರೆ ಸಾಕು, ಅರ್ಥ ಮಾಡಿಕೊಳ್ಳುತ್ತಾರೆ' ಎಂದು ಹಲವರು ಹೇಳುವುದುಂಟು. ಇದು ನಿಜವೇ? ಈ ಕ್ಷೇತ್ರದ ಸಂಶೋಧನೆಯ ಮೂರು ತಿರುವುಗಳನ್ನು ನಾವು ಇಲ್ಲಿ ನೋಡೋಣ.

1. ಭಯಕ್ಕೂ ಕಾರಣವಿದೆ

ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಮುಖ್ಯ ಲೇಖನ ಬರೆದರು. ತಜ್ಞರು ಅಪಾಯವನ್ನು ಹೆಚ್ಚಾಗಿ ಸಾವಿನ ಸಂಖ್ಯೆಯಿಂದ ಅಳೆಯುತ್ತಾರೆ. ಸಾಮಾನ್ಯ ಜನರು ಅದು ಎಷ್ಟು ಭೀಕರ, ಎಷ್ಟು ಅಪರಿಚಿತ ಎಂಬುದನ್ನೂ ನೋಡುತ್ತಾರೆ. ದಿನವೂ ಬೈಕ್ ಓಡಿಸುವವರಿಗೂ ಅಣುಸ್ಥಾವರ ಎಂದರೆ ಭಯವಾಗುವುದು ಇದಕ್ಕೇ. 1988ರಲ್ಲಿ ರೋಜರ್ ಕ್ಯಾಸ್ಪರ್‌ಸನ್ ಮತ್ತು ಸಂಗಡಿಗರು, ಅಪಾಯದ ಸುದ್ದಿ ಮಾಧ್ಯಮ ಮತ್ತು ಜನರ ಮೂಲಕ ಸಾಗುವಾಗ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ ಎಂದು ವಿವರಿಸಿದರು. ಇಂದಿನ ವಾಟ್ಸ್ಆ್ಯಪ್ ಫಾರ್ವರ್ಡ್‌ಗಳಿಗೂ ಈ ಮಾತು ಒಪ್ಪುತ್ತದೆ.

2. ನಂಬಿಕೆ ಮುಖ್ಯ

1986ರ ಚೆರ್ನೋಬಿಲ್ ದುರಂತದ ನಂತರ ವಿಕಿರಣಶೀಲ ಸೀಸಿಯಂ ಮಳೆಯ ಜೊತೆ ಇಂಗ್ಲೆಂಡಿನ ಕಂಬ್ರಿಯಾದ ಗುಡ್ಡಗಳ ಮೇಲೂ ಬಿತ್ತು. ಸರ್ಕಾರ ಕುರಿ ಮಾರಾಟಕ್ಕೆ ನಿರ್ಬಂಧ ಹೇರಿ, ಮೂರು ವಾರ ಸಾಕು ಎಂದಿತು. ಆದರೆ ಆ ಲೆಕ್ಕ ಜೇಡಿಮಣ್ಣಿನದು. ಗುಡ್ಡದ ಆಮ್ಲೀಯ ಮಣ್ಣಿನಲ್ಲಿ ಸೀಸಿಯಂ ಮತ್ತೆ ಮತ್ತೆ ಹುಲ್ಲಿಗೆ ಸೇರುತ್ತಿತ್ತು. ಕೊನೆಯ ನಿರ್ಬಂಧ ತೆರವಾದದ್ದು 2012ರಲ್ಲಿ! ನೆಲವನ್ನು ಬಲ್ಲ ಕುರಿಗಾರರ ಮಾತನ್ನು ತಜ್ಞರು ಕೇಳದಿದ್ದುದೇ ಅವರ ನಂಬಿಕೆ ಕುಸಿಯಲು ಒಂದು ಕಾರಣ ಎಂದು ಸಮಾಜವಿಜ್ಞಾನಿ ಬ್ರಯನ್ ವಿನ್ ತೋರಿಸಿದರು.

3. 'ಏನು ಮಾಡಬೇಕು?'

ಈಗ ಒತ್ತು ಜನರು ಮಾಡಬೇಕಾದ ಕೆಲಸದ ಮೇಲಿದೆ. ಎಷ್ಟು ಮಳೆ ಎಂಬುದರ ಜೊತೆಗೆ ಅದರ ಪರಿಣಾಮವನ್ನೂ ಹೇಳಿ ಎಂದು ವಿಶ್ವ ಹವಾಮಾನ ಸಂಸ್ಥೆ 2015ರಲ್ಲಿ ಮಾರ್ಗಸೂಚಿ ಕೊಟ್ಟಿತು. ಭಾರತೀಯ ಹವಾಮಾನ ಇಲಾಖೆಯ ಬಣ್ಣಗಳೂ ಇದನ್ನೇ ಹೇಳುತ್ತವೆ: ಹಳದಿ ಎಂದರೆ ಗಮನಿಸುತ್ತಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ.

ಹಾಗಾದರೆ ಅಂಕಿ-ಅಂಶ ಸಾಕೇ?

ಸಾಲದು. ಅಂಕಿ-ಅಂಶ ಬೇಕೇ ಬೇಕು. ಅದರ ಜೊತೆ ನಂಬಿಕೆ ಮತ್ತು ಸ್ಪಷ್ಟ ಸೂಚನೆಯೂ ಇರಬೇಕು.

'ರೆಡ್ ಅಲರ್ಟ್' ಸಂದೇಶ ಬಂದರೆ ನಾಲ್ಕು ವಿಷಯ ನೋಡಿ: ಯಾರು ಕೊಟ್ಟದ್ದು, ಯಾವ ಜಿಲ್ಲೆಗೆ, ಯಾವ ದಿನಾಂಕಕ್ಕೆ, ಏನು ಮಾಡಬೇಕು. ಇವು ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ. ಕಳೆದ ವರ್ಷದ ಎಚ್ಚರಿಕೆ ಮತ್ತೆ ಮತ್ತೆ ಸುತ್ತಿ ಸುಳ್ಳಾದರೆ, ನಿಜವಾದ ಎಚ್ಚರಿಕೆ ಬಂದ ದಿನ ಗುಡ್ಡದ ಕೆಳಗಿನ ಮನೆಯವರು ಅದನ್ನೂ ನಂಬದೇ ಇರಬಹುದು.